ಹುಲಿಗೆವ್ವನ ಫಂಕಾ ದೋಣಿ

ಇವತ್ತು ಬೆಳಿಗ್ಗೆ ನಮ್ಮ ಮರಳಿ ಊರಿನ ಗದ್ದೆಯಲ್ಲಿ ಮೊಮ್ಮಗ ನೀರೆತ್ತುವ ಇಂಜಿನ್ನು ಚಾಲೂ ಮಾಡಿದ. ಹಸಿ ಭತ್ತದ ವಾಸನೆಯ ಮೇಲೆ ಸುಟ್ಟ ಎಣ್ಣೆಯ ಘಾಟು ಹಬ್ಬಿತು. ಸೊಸೆ ಮೂಗಿಗೆ ಸೆರಗು ಹಿಡಿದಳು, ನಾನು ಮಾತ್ರ ಇನ್ನಷ್ಟು ಹತ್ತಿರ ಹೋಗಿ ನಿಂತೆ. ನಗಬೇಡಿ. ಮಲ್ಲಿಗೆ ಮೂಸಿ ಹಳೆಯದನ್ನು ನೆನೆಯುವವರು ಇರುತ್ತಾರೆ, ನನಗೆ ಹೊಗೆಯೇ ಬೇಕು. ಓದುಬರಹವನ್ನು ಮೊಮ್ಮಕ್ಕಳ ಪಕ್ಕ ಕೂತು ಕಲಿತವಳು ನಾನು. ಮಾತು ಆಚೀಚೆ ಹರಿದರೆ ನೀವೇ ಕೈಹಿಡಿದು ದಾರಿಗೆ ತನ್ನಿ.

ಆ ಘಾಟು ಹುಲಿಗೆವ್ವನದು. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಆಗಿನ್ನೂ ನಿಜಾಮರ ರಾಜ್ಯ, ಡ್ಯಾಮೂ ಇಲ್ಲ, ಅದರ ಕಾಲುವೆಯೂ ಇಲ್ಲ. ತುಂಗಭದ್ರೆಯ ದಂಡೆಗೆ ನಮ್ಮದು ಮೀನು ಹಿಡಿಯುವವರ ಓಣಿ. ಬೇಸಿಗೆಯಲ್ಲಿ ಹೊಳೆ ಸೊರಗಿ ಮರಳು ಎದ್ದಾಗ ಮೀನೆಲ್ಲ ದೊಡ್ಡ ಮಡುವಿಗೆ ಸೇರುತ್ತಿತ್ತು. ಓಣಿಯ ಹರಿಗೋಲುಗಳೆಲ್ಲ ಅಲ್ಲಿಗೆ ಹೋಗಿ ಕೂಡಿ ಬಲೆ ಬೀಸುವುದು, ಸಿಕ್ಕ ಮೀನನ್ನು ದಂಡೆಯ ಮೇಲೆ ಹರಿಗೋಲಿಗೊಂದರಂತೆ ಗುಂಪೆ ಹಾಕುವುದು. ಓಣಿಯ ಯಜಮಾನ ಹನುಮಜ್ಜ ಹೆಸರು ಕೂಗುತ್ತಿದ್ದ, ಕೂಗಿಸಿಕೊಂಡವರು ಬಂದು ಎತ್ತಿಕೊಳ್ಳಬೇಕು. ಎಲ್ಲ ಗುಂಪೆ ಏಳುವ ತನಕ ಯಾರೂ ಮನೆಗೆ ಹೋಗುವಂತಿರಲಿಲ್ಲ.

ಹೆಂಗಸರು ಹುಟ್ಟನ್ನು ಮುಟ್ಟುವಂತೆಯೂ ಇರಲಿಲ್ಲ. ನೀರಿಗೆ ಹುಟ್ಟು ಹಾಕಿದರೆ ಗಂಗವ್ವ ಮುನಿಯುತ್ತಾಳಂತೆ. ಅದೇ ಹೊಳೆಯಿಂದ ಸೊಂಟ ಮುರಿಯುವ ಹಾಗೆ ದಿನಾ ನೀರು ಹೊತ್ತಾಗ ಮುನಿಯದ ಗಂಗವ್ವ!

ಜ್ವರದಲ್ಲಿ ನಮ್ಮ ಭಾವ ಯಮನೂರಪ್ಪ ಹೋದ. ಅವನ ಪಾಲು ನನ್ನ ಗಂಡನಿಗೆ ಬಂತು, ಹುಲಿಗೆವ್ವನೂ ಎರಡು ಮಕ್ಕಳೂ ನಮ್ಮ ಒಲೆಗೆ ಬಂದರು. ಅನ್ನಕ್ಕೆ ಬರವಿರಲಿಲ್ಲ, ನನ್ನ ಗಂಡ ಕೆಟ್ಟವನೂ ಅಲ್ಲ. ಆದರೆ ಎರಡನೇ ಸಲ ಸಾರು ಬೇಕೆಂದರೆ ಆ ಮಕ್ಕಳು ಮೊದಲು ಅವನ ಮುಖ ನೋಡುತ್ತಿದ್ದವು. ಹುಲಿಗೆವ್ವನಿಗೆ ಅದು ನುಂಗಲಾರದ ತುತ್ತು. ಒಂದು ದಿನ ಹನುಮಜ್ಜನ ಕಟ್ಟೆಗೆ ಹೋಗಿ ಪಾಲು ಕೇಳಿಯೇಬಿಟ್ಟಳು.

"ಪಾಲು ಬೇಕಂದ್ರ ದೋಣಿ ನಡಸ್ಬೇಕವಾ. ನಡಸಾಕ ಹುಟ್ಟು ಬೇಕು. ಹುಟ್ಟು ಹೆಂಗಸ್ರು ಮುಟ್ಟಂಗಿಲ್ಲ. ಮುಗೀತು ಮಾತು."

"ಹುಟ್ಟು ಮುಟ್ಟದ ನಡಸಿದ್ರ?"

"ನಡಸು ನೋಡೂಣು!" ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಹುಲಿಗೆವ್ವನ ಎದುರು ನಗಬಾರದಿತ್ತು.

ಅವಳ ತಮ್ಮ ಗಂಗಾವತಿಯಲ್ಲಿ ಹಿಟ್ಟಿನ ಗಿರಣಿಯ ಇಂಜಿನ್ನು ರಿಪೇರಿ ಮಾಡುವವನು. ಮುಚ್ಚಿದ ಗಿರಣಿಯೊಂದರ ಸಣ್ಣ ಇಂಜಿನ್ನನ್ನು ಗಾಡಿಯಲ್ಲಿ ಹೇರಿಕೊಂಡು ಬಂದ. ಅದೇ ಗಿರಣಿಯ ಬಾಗಿಲ ಹಲಗೆಗಳಿಂದ ಅಡಿ ಚಪ್ಪಟೆಯಾದ ದೋಣಿ ಎದ್ದಿತು. ಹಿಂದಕ್ಕೆ ಒಂದು ಉದ್ದನೆಯ ಕಬ್ಬಿಣದ ಸಲಾಕೆ, ಅದರ ತುದಿಗೆ ಮೂರು ರೆಕ್ಕೆಯ ಫಂಕಾ. ಮರಳು ಕಂಡರೆ ಸಲಾಕೆಯನ್ನು ಒತ್ತಿ ಫಂಕಾವನ್ನು ನೀರಿನಿಂದ ಮೇಲೆತ್ತಬೇಕು, ಇಲ್ಲವಾದರೆ ರೆಕ್ಕೆ ಮುರಿಯುತ್ತದೆ. ಮುಂದೆ ಕೂತು ನೀರು ನೋಡುವ ಕೆಲಸ ನನ್ನದು. ನೀರು ಕಪ್ಪಗಿದ್ದರೆ ಆಳ, ಮಿರಿಮಿರಿ ಎಂದರೆ ಮರಳು, ಸುಕ್ಕಾದರೆ ಅಡಿಯಲ್ಲಿ ಬಂಡೆಗಲ್ಲು. ಮೊದಲ ದಿನ ನನ್ನ ನೆರಳನ್ನೇ ನೋಡಿ "ಯಕ್ಕಾ, ಬಂಡಿಗಲ್ಲು!" ಎಂದು ಚೀರಿದೆ. "ಬಂಡಿ ಹೌದು ಬಿಡು, ಸೀರಿ ಉಟ್ಟೈತಿ," ಅಂದಳು ಹುಲಿಗೆವ್ವ.

ಸದ್ದಿಗೆ ಮೀನು ಓಡುತ್ತವೆ ಎಂದರು ಕೆಲವರು, ಗಂಡ ಸತ್ತವಳಿಗೆ ಎಂಥ ಮೆರವಣಿಗೆ ಎಂದರು ಕೆಲವರು. ಮಡುವಿನ ಬಾಯಿಗೆ ಬಂದು ಇಂಜಿನ್ನು ಬಂದ್ ಮಾಡಿದರೆ ಆಯಿತು, ಮೀನು ಎಲ್ಲಿಗೂ ಓಡುವುದಿಲ್ಲ. ಮಂದಿಯ ಬಾಯಿ ಬಂದ್ ಮಾಡುವುದಕ್ಕೆ ಮಾತ್ರ ಯಾವ ಗಿರಣಿಯಲ್ಲೂ ಕೀಲಿ ಇಲ್ಲ.

ಕೂಡಿ ಬಲೆ ಬೀಸುವ ದಿನ ಬಂತು. ಓಣಿಯೆಲ್ಲ ದಂಡೆಯ ಮೇಲೆ. ನಾವು ಗುಡುಗುಡು ಎಂದು ಹೊರಟು, ಅರ್ಧ ದಾರಿಯಲ್ಲಿ ಮರಳ ದಿಬ್ಬಕ್ಕೆ ಹತ್ತಿ ಕೂತೆವು. ಬಿಸಿಲಿಗೆ ಕಣ್ಣು ಕುಕ್ಕಿ ನನಗೆ ಮರಳು ಕಾಣಲೇ ಇಲ್ಲ. ಫಂಕಾ ಗಾಳಿಯಲ್ಲಿ ತಿರುಗುತ್ತಿದೆ, ದೋಣಿ ಕದಲುತ್ತಿಲ್ಲ. ಪಕ್ಕಕ್ಕೆ ಬಂದ ಹರಿಗೋಲಿನಿಂದ ನನ್ನ ಗಂಡನೇ ಹುಟ್ಟನ್ನು ಚಾಚಿದ. "ಅತ್ತಿಗಿ, ಹಿಡೀರಿ. ಒಂದ್ಸಲ ಒತ್ತಿದ್ರ ಬಿಡ್ತೈತಿ." ಒಳ್ಳೆಯ ಮನಸ್ಸಿನಿಂದ ಕೊಟ್ಟನೋ, ಹಿಡಿದರೆ ಪಾಲು ತನಗೇ ಉಳಿಯುತ್ತದೆಂದು ಕೊಟ್ಟನೋ, ಅಷ್ಟು ವರ್ಷ ಸಂಸಾರ ಮಾಡಿಯೂ ನನಗೆ ತಿಳಿಯಲಿಲ್ಲ.

"ಹುಟ್ಟು ನಿಮ್ಮ ಕೈಯಾಗ ಭಾಳ ಚಂದ ಕಾಣ್ತೈತಿ ಮೈದುನಾರ. ಅಲ್ಲೇ ಇರಲಿ." ಸೀರೆಯನ್ನು ಕಚ್ಚೆ ಹಾಕಿ ಮೊಣಕಾಲುದ್ದದ ನೀರಿಗೆ ಇಳಿದಳು. "ಏ ಖೋಡಿ, ಮಹಾರಾಣಿ ಹಂಗ ಕುಂತೀಯಲ್ಲ, ಇಳಿ!" ಇಬ್ಬರೂ ಹೆಗಲು ಕೊಟ್ಟು ನೂಕಿದೆವು. ಮರಳು ಬಿಟ್ಟಿತು. ಮಡುವಿಗೆ ಹೋದೆವು, ಎಲ್ಲರ ಸಾಲಿನಲ್ಲಿಯೇ ನಮ್ಮ ಬಲೆಯೂ ಬಿತ್ತು.

ಮೀನು ಗುಂಪೆಯಾದವು. ಹನುಮಜ್ಜ ಒಬ್ಬೊಬ್ಬರ ಹೆಸರೂ ಕೂಗುತ್ತ ಬಂದು ನಮ್ಮ ಗುಂಪೆಯ ಮುಂದೆ ನಿಂತ. "ಯಮನೂರಪ್ಪನ ಪಾಲು!"

ಹುಲಿಗೆವ್ವ ಅಲ್ಲಾಡಲಿಲ್ಲ.

"ಎತ್ಕೋವಾ, ನಿಂದೇ ಅದು."

"ಕರದದ್ದು ಸತ್ತಾವನ್ನ. ಆತನೇ ಬಂದು ಎತ್ಕೊಳ್ಳಲಿ, ನಾ ಯಾಕ ಅಡ್ಡ ಬರ್ಲಿ?"

ನನ್ನ ಗಂಡ ಬಗ್ಗಿದ. "ಮುಟ್ಟಿ ನೋಡ್ರಿ," ಅಂದಳು. ಅವನು ಹಾಗೇ ನೆಟ್ಟಗಾದ. ಬಿಸಿಲು ಏರಿತು, ಹದ್ದುಗಳು ಇಳಿದಿಳಿದು ಬಂದವು. ಬುಟ್ಟಿ ಹೊತ್ತ ಹೆಂಗಸರು ಹೋಗುವಂತಿಲ್ಲ, ಇರುವಂತಿಲ್ಲ. ಮೀನು ಕೆಡ್ತಾವ ಎಂದು ಗಂಡಸರು ಗೊಣಗಿದರು. ಆದರೆ ಗೊಣಗಿದ್ದು ಈ ಸಲ ಹನುಮಜ್ಜನ ಕಡೆ ನೋಡಿ.

"ನಮ್ಮಪ್ಪನ ಕಾಲದಿಂದ ಹೊಳಿ ಮ್ಯಾಲ ಹೆಣ್ಣಿನ ಹೆಸರು ಕೂಗಿಲ್ಲವಾ," ಎಂದ ಮುದುಕ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ.

"ಈ ಹೊಳಿ ಹೆಸರು ಗಂಡಸಿಂದೇನಜ್ಜಾ?"

ಮುದುಕ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಗಂಟಲಲ್ಲೇ ಅಂದ, "ಹುಲಿಗೆವ್ವನ ಪಾಲು."

"ಕೇಳಿಸ್ಲಿಲ್ಲ."

"ಹುಲಿಗೆವ್ವನ ಪಾಲು!" ಎಂದು ಕಿರುಚಿದ. ಆಗ ಬಗ್ಗಿದಳು. ನಾನು ಅಲ್ಲೇ ಎಲ್ಲರ ಮುಂದೆ ಅತ್ತೆ, ಸಂತೋಷಕ್ಕೆ. ಆ ರಾತ್ರಿ ಅವಳ ಮಕ್ಕಳು ಯಾರ ಮುಖವನ್ನೂ ನೋಡದೆ ಉಂಡವು.

ಡ್ಯಾಮು ಬಂದ ಮೇಲೆ ನಾವು ಹೊಳೆ ಬಿಟ್ಟು ಗದ್ದೆ ಮಾಡಲು ಈ ಮರಳಿಗೆ ಬಂದೆವು. ಇವತ್ತು ಮಧ್ಯಾಹ್ನ ಊರ ಬೇವಿನ ಕಟ್ಟೆಯಲ್ಲಿ ಕಾಲುವೆ ನೀರಿನ ಸರದಿ ಗೊತ್ತು ಮಾಡುವ ಸಭೆ ಇತ್ತು. ನೀರಾವರಿ ಇಲಾಖೆಗೆ ಹೊಸದಾಗಿ ಬಂದ ಹುಡುಗನೊಬ್ಬ ಪಟ್ಟಿ ಓದುತ್ತ ತೀರಿಹೋದ ನನ್ನ ಗಂಡನ ಹೆಸರು ಹೇಳಿ, "ಅವರ ಹೆಂಡ್ತಿ ಬರ್ರಿ" ಎಂದು ಕೂಗಿದ. ಪ್ರತಿ ಸಲ ಎದ್ದು ಹೋಗುತ್ತಿದ್ದವಳು ಇವತ್ತು ಏಳಲಿಲ್ಲ. ಮೊಮ್ಮಗ ಭುಜ ತಿವಿದ, "ಏಳಬೇ ಆಯಿ, ನಿನ್ನನ್ನ ಕರಿಯಾಕತ್ಯಾರ." ಕಾಲು ಮಡಚಿ ಇನ್ನೂ ಭದ್ರವಾಗಿ ಕೂತೆ. ಹುಡುಗ ಮತ್ತೊಮ್ಮೆ ಕೂಗಿದ, ಇನ್ನೊಮ್ಮೆ ಕೂಗಿದ, ಕೊನೆಗೆ ತಾನೇ ಎದ್ದು ಬಂದು ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

"ಅಮ್ಮಾರ, ನಿಮ್ಮ ಹೆಸರೇನ್ರಿ?"

ಈ ಊರಿಗೆ ಬಂದ ಮೇಲೆ ಅದನ್ನು ಕೇಳಿದವನು ಅವನೊಬ್ಬನೇ. ಹೇಳಿದೆ. ಇಡೀ ಕಟ್ಟೆಗೆ ಕೇಳುವ ಹಾಗೆ ಹೇಳಿದೆ.