ಕಾರಿಗೊಂದು ಕೌದಿ

ಬಾಣಸವಾಡಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಅದರ ಮುಚ್ಚಳ ಎತ್ತಿದರೆ ಮೊದಲು ಬರುವುದು ಮೇಣದ ವಾಸನೆ. ಅದರ ಬೆನ್ನಿಗೇ ಸೀಮೆಎಣ್ಣೆಯಂಥ ಒಂದು ಘಾಟು, ಆಮೇಲೆ ಸ್ವಲ್ಪ ತಡವಾಗಿ ಅಂಟುವಾಳಕಾಯಿಯ ಕಹಿ ಪರಿಮಳ. ಬೇರೆಯವರ ಮನೆಯ ಹಿರಿಯ ಹೆಂಗಸರ ಟ್ರಂಕುಗಳಲ್ಲಿ ಕರ್ಪೂರದ, ಗಂಧದ, ಒಣಗಿದ ಹೂವಿನ ವಾಸನೆ ಇರುತ್ತದಂತೆ. ನಮ್ಮ ಸುಶೀಲತ್ತೆಯ ಟ್ರಂಕು ಮಾತ್ರ ಕಾರು ರಿಪೇರಿ ಮಾಡುವ ಗ್ಯಾರೇಜಿನ ಹಾಗೆ ನಾರುತ್ತದೆ. ಆಗಾಗ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ನಾನು ಅದನ್ನು ತೆಗೆದು ಅದರ ಮುಂದೆ ಸುಮ್ಮನೆ ಕೂರುತ್ತೇನೆ. ಒಳಗಿರುವುದು ಒಂದು ಕೌದಿ. ಹಳೆಯ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಕೈಯಲ್ಲೇ ಹೊಲಿಯುವ, ನಮ್ಮ ಗದಗಿನ ಕಡೆ ಎಲ್ಲರೂ ಹೊದ್ದು ಮಲಗುವ ಹೊದಿಕೆ. ಆದರೆ ಈ ಕೌದಿಯನ್ನು ಅತ್ತೆ ಮನುಷ್ಯರಿಗೆಂದು ಹೊಲಿದಿರಲಿಲ್ಲ.

ಸುಶೀಲತ್ತೆ ನಮ್ಮಪ್ಪನ ಅಕ್ಕ. ಅಪ್ಪ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದಾಗ ಅವಳೂ ಜೊತೆಗೆ ಬಂದಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನ ಮನೆಯಿಂದ ಹಿಂದಿರುಗಿದವಳು. ಯಾಕೆ ಬಂದೆ ಎಂದು ಅವಳು ಯಾರಿಗೂ ಹೇಳಲಿಲ್ಲ, ಕೇಳುವುದನ್ನು ಮಾತ್ರ ಯಾರೂ ಬಿಡಲಿಲ್ಲ. ಇಲ್ಲಿ ಟೈಪಿಂಗ್ ಕಲಿತು ಕಂಟೋನ್ಮೆಂಟಿನ ಒಂದು ಕಚೇರಿಯಲ್ಲಿ ಕೆಲಸ ಹಿಡಿದಳು. ಮರ್ಫಿ ಟೌನಿನ ನಮ್ಮ ಬಾಡಿಗೆ ಮನೆ ಎಂದರೆ ಎರಡು ಕೋಣೆ, ಮುಂದೊಂದು ಕಲ್ಲಿನ ಮೆಟ್ಟಿಲು, ಮೆಟ್ಟಿಲು ಇಳಿದರೆ ನೇರ ಬೀದಿ. ನಲ್ಲಿಯ ಮುಂದೆ ತಮಿಳು, ದಖನಿ, ಕನ್ನಡ ಎಲ್ಲವೂ ಒಂದೇ ಸಾಲಿನಲ್ಲಿ ಕೊಡ ಹಿಡಿದು ನಿಲ್ಲುತ್ತಿದ್ದವು. ಊರಿಂದ ಬಂದ ನೆಂಟರು ಚಹಾ ಕುಡಿಯುತ್ತ ಅತ್ತೆಯನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಎಲ್ಲಿ ಪೆಟ್ಟು ಬಿದ್ದಿದೆ ಎಂದು ಹುಡುಕುವ ನೋಟ ಅದು. ಅವರು ಹೋದ ಮೇಲೆ ಅತ್ತೆ ಅವರು ಕುಡಿದ ಲೋಟಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತಿಕ್ಕುತ್ತಿದ್ದಳು.

ತೊಂಬತ್ತರ ದಶಕದ ಮೊದಲಲ್ಲಿ, ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ, ಅವಳ ಕಚೇರಿಯ ಸಾಹೇಬರೊಬ್ಬರು ನಿವೃತ್ತರಾಗಿ ಊರು ಬಿಟ್ಟರು. ಅವರ ಕಡು ನೀಲಿ ಅಂಬಾಸಿಡರ್ ಕಾರನ್ನು ಅತ್ತೆ ಕೊಂಡುಬಿಟ್ಟಳು. ಮನೆಯಲ್ಲಿ ದೊಡ್ಡ ರಂಪವಾಯಿತು. "ಅಕ್ಕಾ, ನಿನಗ್ಯಾಕ ಈ ಉಸಾಬರಿ? ಬಿಸಿಲಾಗ ನಿಂತು ನಿಂತು ಒಂದು ವರ್ಷದಾಗ ತುಕ್ಕು ಹಿಡಿತೈತಿ ನೋಡು," ಅಂದ ಅಪ್ಪ. ಅತ್ತೆ ಹಲಸೂರು ಕೆರೆಯ ಪಕ್ಕದ ರಸ್ತೆಯಲ್ಲಿ ಬೆಳಗಿನ ಹೊತ್ತು ಡ್ರೈವಿಂಗ್ ಕಲಿತು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರು ಓಡಿಸಿಕೊಂಡು ಕಚೇರಿಗೆ ಹೊರಟಳು. ಆ ಕಾರಿನಲ್ಲಿ ಅವಳು ಮೆಚ್ಚಿದ್ದು ಎಂಜಿನ್ ಅಲ್ಲ, ಬಣ್ಣ. ಒಂದು ಸಲ ನನ್ನನ್ನು ಬಾನೆಟ್ಟಿನ ಮುಂದೆ ನಿಲ್ಲಿಸಿ ಹೇಳಿದಳು: "ಇದು ಕಾರಖಾನ್ಯಾಗ ಹಚ್ಚಿದ ಬಣ್ಣ, ರೇಣೂ. ಮತ್ತ ಬಣ್ಣ ಬಳಿಸಿದ ಕಾರು ನೋಡಿದ್ರ ಜನ, ಇದು ಎಲ್ಲೋ ಪೆಟ್ಟು ತಿಂದೈತಿ ಅಂತಾರ. ನನ್ನ ಕಾರಿಗೆ ಯಾರೂ ಹಂಗ ಅನಬಾರದು. ಇದಕ್ಕ ಎರಡನೇ ಬಣ್ಣ ಇಲ್ಲ." ಅವಳು ಕಾರಿನ ಬಗ್ಗೆ ಮಾತ್ರ ಹೇಳುತ್ತಿಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಭಾನುವಾರ ಬಿಸಿಲು ಬೀದಿಗೆ ಇಳಿಯುವ ಮೊದಲೇ ಕೆಲಸ ಶುರುವಾಗಬೇಕು. ತಗಡು ಕಾದರೆ ನೊರೆ ಅಲ್ಲೇ ಆರಿ ಕಲೆ ಕೂರುತ್ತದೆ. ಬಟ್ಟೆ ಒಗೆಯುವ ಪುಡಿ ಹತ್ತಿರಕ್ಕೂ ಬರುವಂತಿಲ್ಲ. ರೇಷ್ಮೆ ಸೀರೆ ತೊಳೆಯುವ ಅಂಟುವಾಳಕಾಯಿಯನ್ನು ಮೊದಲೇ ನೆನೆಹಾಕಿ, ಬೆಳಿಗ್ಗೆ ಕಿವುಚಿ ನೊರೆ ಮಾಡಿ ಬಕೆಟ್ಟಿಗೆ ಹಾಕುತ್ತಿದ್ದಳು. ಆಮೇಲೆ ಕೈಯ ಹಸಿರು ಗಾಜಿನ ಬಳೆಗಳನ್ನೆಲ್ಲ ತೆಗೆದು ಕಿಟಕಿಯ ಸರಳಿಗೆ ಕಟ್ಟುತ್ತಿದ್ದಳು, ಬಳೆ ತಾಗಿ ಬಣ್ಣಕ್ಕೆ ಗೆರೆ ಬೀಳಬಾರದಲ್ಲ. ಬೆಳ್ಳಂಬೆಳಿಗ್ಗೆ ಬರಿಗೈಯಲ್ಲಿ ಬೀದಿಗೆ ಬಂದ ಅವಳನ್ನು ನೋಡಿ ನಮ್ಮಮ್ಮ ಮುಖ ತಿರುಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ಮೊದಲು ತಂಬಿಗೆಯಿಂದ ಬರೀ ನೀರು ಹೊಯ್ದು ಧೂಳು ಇಳಿಸಬೇಕು, ಆಮೇಲಷ್ಟೇ ಬಟ್ಟೆ ಮುಟ್ಟಿಸಬೇಕು. ಟಾಪಿನಿಂದ ಶುರು, ಕೆಳಕ್ಕೆ ಇಳಿಯುತ್ತ ಹೋಗಬೇಕು, ಚಕ್ರ ಕಡೆಗೆ. ಚಕ್ರದ ಬಟ್ಟೆ ಬೇರೆ. ಮನೆಯ ಮುಂದಿನ ಹೊಂಗೆ ಮರದಿಂದ ಹಕ್ಕಿಯ ಹಿಕ್ಕೆ ಬಿದ್ದಿದ್ದರೆ ಅದನ್ನು ಉಜ್ಜಬಾರದು, ಒದ್ದೆ ಬಟ್ಟೆ ಹಾಕಿ ನೆನೆಯಲು ಬಿಟ್ಟು, ಮಲಗಿದ ಮಗುವನ್ನು ಎತ್ತಿದ ಹಾಗೆ ಮೆತ್ತಗೆ ಎತ್ತಬೇಕು. ನನ್ನ ಕೈಯಿಂದ ಬಟ್ಟೆ ಜಾರಿ ನೆಲಕ್ಕೆ ಬಿದ್ದರೆ ಮುಗಿಯಿತು. "ಅದರಾಗ ಈಗ ಉಸುಕು ಹತ್ತೇತಿ. ಅದು ಕಾರಿಗಿಲ್ಲ, ಒಲೀ ಒರಸಾಕ ಹಾಕು," ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಒಲೆ ಒರೆಸುವ ಬಟ್ಟೆಗೆ ಎಂದೂ ಬರ ಬರಲಿಲ್ಲ.

ತೊಳೆದು ಒರೆಸಿದ ಮೇಲೆ ಪಾಲಿಶ್. ಚಪ್ಪಟೆ ಡಬ್ಬಿಯ ಮುಚ್ಚಳವನ್ನು ಚಮಚದ ಹಿಡಿಯಿಂದ ಎಬ್ಬಿಸಿದ ಕ್ಷಣ ಬೀದಿಯ ಇಡ್ಲಿಯ ವಾಸನೆ, ಚರಂಡಿಯ ವಾಸನೆ ಎಲ್ಲ ಸೋತು ಹಿಂದೆ ಸರಿಯುತ್ತಿದ್ದವು. ಅಪ್ಪನ ಹಳೆಯ ಬನಿಯನ್ನು, ಅತ್ತೆಯ ಸವೆದ ವಾಯಿಲ್ ಸೀರೆ, ಗುಂಡಿ ಕಿತ್ತ ನನ್ನ ಸ್ಕೂಲ್ ಷರಟು, ಇವೇ ನಮ್ಮ ಪಾಲಿಶ್ ಬಟ್ಟೆಗಳು. ಅತ್ತೆ ಅಂಗಡಿಯಿಂದ ತರುತ್ತಿದ್ದುದು ರಬ್ಬಿಂಗ್ ಪಾಲಿಶ್. ಅದನ್ನು ಹಚ್ಚಿ ಸುತ್ತ ಸುತ್ತ ಉಜ್ಜಿದರೆ ಬಟ್ಟೆಯ ತುಂಬ ನೀಲಿ ಇಳಿಯುತ್ತಿತ್ತು, ನನ್ನ ಬೆರಳೆಲ್ಲ ನೀಲಿ. "ಅತ್ತೀ, ಇವತ್ತೂ ನೀಲಿ ಬಂತು!" ಎಂದು ನಾನು ಕೂಗುತ್ತಿದ್ದೆ. "ಬರಲಿ ಬರಲಿ, ಹೊಲಸು ಹೋಗಲಿ," ಅನ್ನುತ್ತ ಅವಳು ಇನ್ನಷ್ಟು ಬಲ ಹಾಕುತ್ತಿದ್ದಳು. ವಾರ ವಾರವೂ ಉಜ್ಜಿದೆವು, ವರ್ಷಗಟ್ಟಲೆ ಉಜ್ಜಿದೆವು. ಕಾರು ಕನ್ನಡಿಯ ಹಾಗಾಯಿತು. ಅದರ ಬಾಗಿಲಲ್ಲಿ ಮುಖ ನೋಡಿಕೊಂಡು ಬೀದಿಯ ಗಂಡಸರು ತಲೆ ಬಾಚಿಕೊಳ್ಳುತ್ತಿದ್ದರು. ಊರಿಂದ ಬಂದ ನೆಂಟರು ಕೂಡ ಕಾರಿನ ಸುತ್ತ ಒಂದು ಸುತ್ತು ಹಾಕಿ, ಪೆಟ್ಟು ಹುಡುಕಿ, ಸಿಗದೆ ಒಳಗೆ ಬರುತ್ತಿದ್ದರು. ಆ ದಿನ ಅತ್ತೆ ಅವರ ಚಹಾಕ್ಕೆ ಏಲಕ್ಕಿ ಹಾಕುತ್ತಿದ್ದಳು.

ನಾನು ಹೈಸ್ಕೂಲಿಗೆ ಬಂದ ವರ್ಷ, ಒಂದು ಭಾನುವಾರ, ಬಾನೆಟ್ಟಿನ ನಡುವೆ ಎದ್ದ ಏಣಿನ ಮೇಲೆ ಒಂದು ಕೆಂಪು ಗೆರೆ ಕಂಡಿತು. ಕುಂಕುಮ ಇರಬೇಕೆಂದು ಅತ್ತೆ ಒದ್ದೆ ಬೆರಳಿನಿಂದ ಒರೆಸಿದಳು. ಹೋಗಲಿಲ್ಲ. ಉಗುರಿನಿಂದ ಮುಟ್ಟಿ ನೋಡಿದಳು. ಬಣ್ಣದ ಕೆಳಗೆ ಮೊದಲು ಹಚ್ಚುವ ಕೆಂಪು ಪ್ರೈಮರ್ ಅದು. ಆಮೇಲೆ ಒಂದು ಹೊಸ ಬಿಳಿ ಬಟ್ಟೆಗೆ ಪಾಲಿಶ್ ಹಚ್ಚಿ, ಆಗಷ್ಟೇ ತೊಳೆದು ಕೊಳೆಯೇ ಇಲ್ಲದ ಬಾಗಿಲ ಮೇಲೆ ಉಜ್ಜಿದಳು. ಬಟ್ಟೆ ನೀಲಿಯಾಯಿತು. ಅದನ್ನೇ ಮಡಚಿ ಆ ಏಣಿನ ಮೇಲೆ ಉಜ್ಜಿದಳು. ಬಟ್ಟೆ ಕೆಂಪಾಯಿತು. ಮೆಟ್ಟಿಲ ಮೇಲೆ ಕುಳಿತು ಬಟ್ಟೆಯ ಎರಡು ಬಣ್ಣವನ್ನೂ ನೋಡುತ್ತ ಅತ್ತೆ ಹೇಳಿದಳು: "ಹೊಲಸಲ್ಲ ಇದು, ರೇಣೂ. ಬಣ್ಣಾನ ತಿಕ್ಕಿ ತಿಕ್ಕಿ ತಗದೇವಿ ನಾವು." ಅತ್ತೆ ಸೋತದ್ದನ್ನು ನಾನು ನೋಡಿದ್ದು ಆ ಒಂದು ಬೆಳಿಗ್ಗೆ. ಅಳು ಬಂದದ್ದು ನನಗೆ, ಅವಳಿಗಲ್ಲ.

"ಪೇಂಟ್ ಹೊಡಿಸಿಬಿಡು ಅಕ್ಕಾ," ಅಂದ ಅಪ್ಪ. ಎದುರು ಮನೆಯ ಸೆಲ್ವಿ ಆಂಟಿ ತನ್ನ ಮೈದುನನ ಗ್ಯಾರೇಜಿನಲ್ಲೇ ಮಾಡಿಸಿಕೊಡುತ್ತೇನೆ ಅಂದಳು. ಅತ್ತೆ ಇಬ್ಬರಿಗೂ ಬೇಡವೆಂದು ತಲೆ ಅಲ್ಲಾಡಿಸಿದಳು. ಸಣ್ಣ ಉಸುಕಿನಂತೆ ಬಣ್ಣ ಸವೆಸುವ ರಬ್ಬಿಂಗ್ ಪಾಲಿಶ್ ಡಬ್ಬಿ ಕಸಕ್ಕೆ ಹೋಯಿತು. ಇನ್ನು ಮೇಲೆ ನೀರು, ನೊರೆ, ತೆಳುವಾಗಿ ಮೇಣ, ಅಷ್ಟೇ. ಮೇಣ ಹಚ್ಚುವಾಗಲೂ ಬೆರಳ ತುದಿಯ ಭಾರ ಮಾತ್ರ. ಬಿಸಿಲಿಗೂ ಧೂಳಿಗೂ ಒಂದು ಮರೆ ಬೇಕಾಗಿತ್ತು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹೊದಿಕೆಯನ್ನು ಬೆರಳಿನಿಂದ ತಿಕ್ಕಿ ನೋಡಿ, ಇದು ಗೆರೆ ಬೀಳಿಸುತ್ತದೆ ಎಂದು ವಾಪಸು ಇಟ್ಟು ಬಂದಳು. ಆ ಸಂಜೆಯೇ ನೀಲಿಯಾದ ಹಳೆಯ ಬಟ್ಟೆಗಳ ಗಂಟು ಬಿಚ್ಚಿ ಹರಡಿಕೊಂಡು, ಸೂಜಿಗೆ ದಾರ ಪೋಣಿಸಿದಳು. ಕಾರಿಗೆ ಕೌದಿ! ಮೇಲಿನ ಪದರಕ್ಕೆ ತನ್ನ ಹಳೆಯ ಸೀರೆಗಳು, ಒಳಗಿನ ಪದರಕ್ಕೆ ಆ ನೀಲಿ ತುಂಡುಗಳು. ಇಷ್ಟು ಕೊಳಕು ಬಟ್ಟೆ ಯಾಕೆ ಎಂದು ಅಮ್ಮ ಕೇಳಿದಾಗ, ದಾರವನ್ನು ಹಲ್ಲಿನಿಂದ ಕಡಿದು ಹೇಳಿದಳು: "ಅದರ ಬಣ್ಣ ಅದರ ಮೈಮ್ಯಾಲನ ಇರಲಿ."

ಮರ್ಫಿ ಟೌನು ಮನಸಾರೆ ನಕ್ಕಿತು. "ಏನ್ ಸುಶೀಲಾ, ಚಳಿ ಆಗುತ್ತಾ ನಿನ್ ಕಾರ್‌ಗೆ? ಕಾಫಿ ತರ್ಲಾ?" ಎಂದು ಸೆಲ್ವಿ ಆಂಟಿ ಬಾಗಿಲಲ್ಲೇ ನಿಂತು ಕೂಗುತ್ತಿದ್ದಳು. ಆದರೆ ಒದ್ದೆ ಕೌದಿ ಬಣ್ಣದ ಮೇಲೆ ಕೂತರೆ ಬಿಳಿ ಮಚ್ಚೆ ಬೀಳುತ್ತದೆಂದು ತಿಳಿದ ಮೇಲೆ, ಮಳೆಯ ಮೊದಲ ಹನಿಗೆ ಎಲ್ಲರಿಗಿಂತ ಮುಂಚೆ ಓಡಿ ಬರುತ್ತಿದ್ದವಳೂ ಅವಳೇ. ಅತ್ತೆ ಕಚೇರಿಯಲ್ಲಿದ್ದರೆ ನಾನು ಒಂದು ತುದಿ, ಸೆಲ್ವಿ ಆಂಟಿ ಇನ್ನೊಂದು ತುದಿ ಹಿಡಿದು ಎಳೆದು, ನಮ್ಮ ನಡುಮನೆಯಲ್ಲಿ ಹರಡುತ್ತಿದ್ದೆವು. ಎಷ್ಟೋ ಮಳೆಯ ಸಂಜೆ ನಾನು ಆ ಕೌದಿಯ ಮೇಲೇ ಕುಳಿತು ಹೋಂವರ್ಕ್ ಮಾಡಿದ್ದೇನೆ. ಕಾರು ಹೊರಗೆ ನೆನೆಯುತ್ತಿತ್ತು, ಮೇಣ ಹಚ್ಚಿದ ಮೈಮೇಲೆ ನೀರು ನಿಲ್ಲದೆ ಮುತ್ತು ಮುತ್ತಾಗಿ ಉರುಳುತ್ತಿತ್ತು. ಕೆಂಪು ಗೆರೆ ಒಂದು ಬೆರಳಿನಷ್ಟೂ ಹೆಚ್ಚು ಬೆಳೆಯಲಿಲ್ಲ. ಅಪ್ಪನ ಒಂದು ವರ್ಷದ ಭವಿಷ್ಯವಾಣಿ ಹೀಗೆ ಸುಳ್ಳಾಗುತ್ತಲೇ ಹೋಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾದ ಮೇಲೆ ಅತ್ತೆಯ ಕಣ್ಣು ಮಂಜಾಯಿತು, ಡ್ರೈವಿಂಗ್ ನಿಂತಿತು. ಅದೇ ಹೊತ್ತಿಗೆ ಸರಿಯಾಗಿ ಹಲಸೂರಿನ ಕಡೆ ಮೆಟ್ರೊ ಕೆಲಸ ಶುರುವಾಗಿ, ಬೆಳಿಗ್ಗೆ ತೊಳೆದ ಕಾರು ಮಧ್ಯಾಹ್ನಕ್ಕೆ ಬೂದಿಯ ಬಣ್ಣ. ನಾವು ಬಾಣಸವಾಡಿಗೆ ಮನೆ ಬದಲಿಸುವುದಿತ್ತು, ಅಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಕೊಳ್ಳಲು ಬಂದವನೊಬ್ಬ ಎಲ್ಲ ನೋಡಿ, "ಎಂಜಿನ್ ಸೂಪರಾಗಿದೆ ಮೇಡಂ, ಬಿಳಿ ಪೇಂಟ್ ಹೊಡ್ದು ಟ್ಯಾಕ್ಸಿಗೆ ಬಿಡ್ತೀನಿ," ಅಂದ. ಅತ್ತೆ ಅವನಿಗೆ ಚಹಾ ಕೊಟ್ಟು ಕಳಿಸಿಬಿಟ್ಟಳು. ಮಾರನೆಯ ದಿನ ಶಿವಾಜಿನಗರದ ಗುಜರಿಯವರಿಗೆ ಹೇಳಿ ಕಳಿಸಿದಳು. ಮನೆಯವರೆಲ್ಲ ತಲೆ ಚಚ್ಚಿಕೊಂಡರು, ಅವಳು ಕದಲಲಿಲ್ಲ. ಗುಜರಿಯವರು ಬರುವ ದಿನ ಬೆಳಿಗ್ಗೆ ಬಳೆ ತೆಗೆದು ಕಿಟಕಿಗೆ ಕಟ್ಟಿ, ಕಾಣದ ಕಣ್ಣಿನಲ್ಲೇ ಟಾಪಿನಿಂದ ತೊಳೆಯಲು ಶುರು ಮಾಡಿದಳು. "ಗುಜರಿಗೆ ಹೋಗೋ ಕಾರಿಗೆ ಯಾಕ ಇದೆಲ್ಲ?" ಎಂದು ಅಪ್ಪ ಸಿಡುಕಿದ. "ಹೆಣಾ ತೊಳಿದೇ ಕಳಸ್ತಾರೇನೋ ಯಾರರ?" ಅಂದಳು. ಅಪ್ಪ ಪಂಚೆ ಎತ್ತಿ ಕಟ್ಟಿ, ಜೀವಮಾನದಲ್ಲಿ ಮೊದಲ ಸಲ, ಚಕ್ರದ ಬಟ್ಟೆ ಕೈಗೆ ತೆಗೆದುಕೊಂಡ. ಗುಜರಿಯವರು ಬಂದು ಸುತ್ತ ನೋಡಿ, "ಏನಮ್ಮಾ, ಇಷ್ಟು ಚಮಕ್ ಇಟ್ಟಿದೀರ, ಒಡೆಯೋಕೆ ಕೈ ಬರಲ್ಲ ನಮ್ಗೆ," ಅಂದರು. ಅತ್ತೆ ಕೌದಿ ಮಾತ್ರ ಕೊಡಲಿಲ್ಲ.

ಬಾಣಸವಾಡಿಯಲ್ಲಿ ಅತ್ತೆ ಹಾಸಿಗೆ ಹಿಡಿದಾಗ ಅವಳ ಮೈ ಒರೆಸುವ ಕೆಲಸವನ್ನು ನಾನು ಬೇರೆ ಯಾರಿಗೂ ಬಿಡಲಿಲ್ಲ. ಹಣೆಯಿಂದ ಶುರು ಮಾಡುತ್ತಿದ್ದೆ, ಕಾಲು ಕಡೆಗೆ, ಕಾಲಿನ ಬಟ್ಟೆ ಬೇರೆ. ನನ್ನ ಬಳೆಗಳನ್ನು ತೆಗೆದಿಟ್ಟದ್ದು ಅವಳ ಕಿವಿಗೆ ಗೊತ್ತಾಗುತ್ತಿತ್ತು, ಕಾಣದ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದಳು. ಒಂದು ದಿನ ಬೆನ್ನಿನ ಒಣ ಚರ್ಮವನ್ನು ನಾನು ಸ್ವಲ್ಪ ಒತ್ತಿ ಉಜ್ಜಿದೆ. "ರೇಣೂ, ತಿಕ್ಕಬ್ಯಾಡವಾ," ಅಂದಳು, "ಬಣ್ಣ ಹೋದೀತು." ಇಬ್ಬರೂ ಬಹಳ ನಕ್ಕೆವು. ಆಮೇಲೆ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಚಳಿ ಎಂದಾಗ ಅವಳು ಕೇಳಿದ್ದು ಆ ಕೌದಿಯನ್ನೇ. ನೀಲಿಯ ಮಗ್ಗುಲು ಒಳಗೆ ಮಾಡಿ ಹೊದಿಸಿದೆ. ಅದರ ಕೆಳಗೇ ಅವಳು ಹೋದಳು, ಮೈಮೇಲೆ ಯಾರಿಗೂ ಯಾವ ಪೆಟ್ಟೂ ಕಾಣಿಸದೆ.

ಮರ್ಫಿ ಟೌನಿನ ಆ ಮನೆ ಈಗಿಲ್ಲ. ಹೊಂಗೆ ಮರವೂ ಇಲ್ಲ. ಸೆಲ್ವಿ ಆಂಟಿ ಮಗಳ ಮನೆಗೆ ಹೋದಳು, ಎಲ್ಲಿಗೆಂದು ಯಾರಿಗೂ ಸರಿಯಾಗಿ ತಿಳಿಯದು. ಪ್ರತಿ ದೀಪಾವಳಿಗೆ ಮನೆ ಗುಡಿಸುವಾಗ ನನ್ನ ತಮ್ಮನ ಹೆಂಡತಿ ಮೂಗು ಮುಚ್ಚಿಕೊಂಡು ಹೇಳುತ್ತಾಳೆ, "ಅಕ್ಕಾ, ಇದನ್ನ ಒಂದ್ಸಲ ಮೆಷಿನ್‌ಗೆ ಹಾಕ್ಬಿಡೋಣ, ವಾಸನೆ ಹೋಗುತ್ತೆ." ಬೇಡಮ್ಮ ಅನ್ನುತ್ತೇನೆ. ನಿಮ್ಮ ಮನೆಯಲ್ಲೂ ಹೀಗೆ ಯಾರದೋ ವಾಸನೆ ಉಳಿಸಿಕೊಂಡ ಬಟ್ಟೆ ಇದ್ದರೆ ನಾನು ಹೇಳುವುದು ನಿಮಗೆ ತಿಳಿದೀತು. ತೊಳೆಯುವುದೆಂದರೆ ಏನೆಂದು ನನಗೆ ಕಲಿಸಿದವಳ ಈ ಒಂದು ವಸ್ತುವನ್ನು ನಾನು ತೊಳೆದಿಲ್ಲ, ತೊಳೆಯುವುದೂ ಇಲ್ಲ. ಆ ನೀಲಿ ಈಗ ಇರುವುದು ಇದರಲ್ಲಿ ಮಾತ್ರ.