ಎದೆಗೆ ಹಚ್ಚಿದ ಬೇವು

ತನ್ನ ರೋಗ ಹಾಲಿನಲ್ಲಿ ಇಳಿದು ಮಗಳಿಗೂ ಹತ್ತಿದರೆ? ದೊಡವಾಡದ ಸೊಸೆ ಶೈಲಶ್ರೀಯನ್ನು ಈ ಭಯ ಬೆಳಗಿನಿಂದ ಬಿಟ್ಟಿರಲಿಲ್ಲ. ಕೀಲುನೋವಿಗೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ‘ಎಎನ್ಎ ಪಾಸಿಟಿವ್’ ಎಂದು ಬಂದಿತ್ತು. ದೇಹದ ಕಾವಲೇ ದೇಹದ ಮೇಲೆ ತಿರುಗಿಬೀಳುವ ರೋಗವಿರಬಹುದು ಎಂದು ಮೊಬೈಲಿನಲ್ಲಿ ಓದಿದವಳೇ, ಹಾಲು ಬಿಡಿಸಲು ಊರವರು ಮಾಡುವಂತೆ ಎದೆಗೆ ಬೇವಿನ ರಸ ಹಚ್ಚಿಕೊಂಡಳು. ಕೂಸು ಬಾಯಿಟ್ಟು, ಮುಖ ಕಿವುಚಿ, ಚೀರಿ ಅತ್ತಿತು.

“ಐದು ತಿಂಗಳ ಕೂಸಿಗೆ ಬೇವೇನ? ಹುಬ್ಬಳ್ಳ್ಯಾಗ ಸಾಲಿ ಕಲ್ತಾಕಿ ನೀ!” ಅತ್ತೆ ಮಾಯವ್ವ ಸಿಡುಕಿದಳು. “ಡಾಕ್ಟರಿಗೆ ಕೇಳೀಯೇನ?”

“ಇಲ್ರಿ ಅತ್ತಿ. ಅವರೂ ಕುಡಿಸಬ್ಯಾಡ ಅಂದ್ರ?”

“ಅಂದ್ರ ಆಮ್ಯಾಲ ನೋಡೂಣು. ಕೂಸು ಹಸದೈತಿ, ಫೋನ್ ಹಚ್ಚು.”

ಶೈಲಶ್ರೀ ಬೈಲಹೊಂಗಲದ ಡಾಕ್ಟರಿಗೆ ಹಚ್ಚಿದಳು. “ಮೇಡಂ, ಹಾಲು ಕುಡಿಸಬಹುದೇನ್ರಿ?”

“ಕುಡಿಸವಾ. ಇದು ಹಾಲಿನಾಗ ಹತ್ತೂದಲ್ಲ. ಆರಾಮ ಇದ್ದವರಿಗೂ ಒಮ್ಮೊಮ್ಮೆ ಪಾಸಿಟಿವ್ ಬರತೈತಿ. ನಿನಗ ಏನೈತಿ ಅನ್ನೂದನ್ನ ನಾಳೆ ನೋಡಿ ಹೇಳತೇನಿ.”

ಮಾಯವ್ವ ಆಗಲೇ ಬೇವು ತೊಳೆಯಲು ಬಿಸಿನೀರು ತಂದು ನಿಂತಿದ್ದಳು.