ಊರು ಸೇರಿದ ಮೇಲೆ ಕೊಡುವ ಚಾರ್ಜು

ಮೊನ್ನೆ ಹಿಂದೂಪುರದಲ್ಲಿ ಕಲ್ಯಾಣದುರ್ಗದ ಬಸ್ಸು ಹತ್ತಿ ಕೂತಿದ್ದೆ. ಮುಂದಿನ ಸೀಟಿನ ಕೆಳಗೆ ಯಾರೋ ಹೊಸ ಹುಣಸೆಹಣ್ಣಿನ ಚೀಲ ತುರುಕಿದ್ದರು. ಆ ಹುಳಿ ವಾಸನೆಗೆ ಡೀಸೆಲ್ಲಿನ ವಾಸನೆ ಸೇರಿದ್ದೇ ತಡ, ನಲವತ್ತು ವರ್ಷಕ್ಕೂ ಹಿಂದಿನ ಒಂದು ಬೆಳಗ್ಗೆ ಎದುರಿಗೆ ಬಂದು ನಿಂತುಬಿಟ್ಟಿತು. ಬಸ್ಸು ಹೊರಡುವ ಸೂಚನೆ ಇರಲಿಲ್ಲ. ಕಾಯುವುದೆಂದರೆ ನನಗೆ ಮೊದಲಿನಿಂದಲೂ ಆಗದು. ವಾಚು ನೋಡಿಕೊಳ್ಳುತ್ತಾ, ಕಿಟಕಿಯಾಚೆ ಇಣುಕುತ್ತಾ ಕೂತಲ್ಲೇ ಚಡಪಡಿಸುತ್ತಿದ್ದೆ. ಅವತ್ತೂ ಹೀಗೇ ಚಡಪಡಿಸಿದ್ದೆ...

ನಮ್ಮ ಎದುರುಮನೆಯ ಅತ್ತೆ. ಸಂಬಂಧದಿಂದ ಅತ್ತೆಯಲ್ಲ, ಬೀದಿಯ ಮಕ್ಕಳಿಗೆಲ್ಲ ಅತ್ತೆ. ಮಂಡಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುವ ಕೆಲಸ ಅವರದು. ಎಷ್ಟು ತೊಳೆದರೂ ಕೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ವಯಸ್ಸು ಐವತ್ತು ದಾಟಿದ್ದರೂ ಒಮ್ಮೆಯೂ ಬಸ್ಸು ಹತ್ತಿದವರಲ್ಲ. ಎಲ್ಲಿಗೆ ಹೋಗಬೇಕಾದರೂ ನಡಿಗೆ, ಇಲ್ಲವೇ ಜಟಕಾ.

ಒಂದು ಸಂಜೆ ಕಲ್ಯಾಣದುರ್ಗದಿಂದ ಸುದ್ದಿ ಬಂತು. ಅತ್ತೆಗೆ ಇದ್ದವಳು ಒಬ್ಬಳೇ ತಂಗಿ. ಅವಳು ಅಲ್ಲಿನ ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ಮರುದಿನ ಮಧ್ಯಾಹ್ನ ಅನಂತಪುರಕ್ಕೆ ಸಾಗಿಸುತ್ತಾರೆ, ನೋಡುವುದಿದ್ದರೆ ಅಷ್ಟರೊಳಗೆ ಬರಬೇಕು. "ಕಾಲೇಜು ಓದೋಳು ನೀನು, ಕರ್ಕೊಂಡೋಗು," ಎಂದು ಅಮ್ಮ ನನ್ನನ್ನು ಜೊತೆ ಮಾಡಿದಳು. ನನಗೆ ಹದಿನೆಂಟು. ಬಸ್ಸಿನ ವಿಷಯವೆಲ್ಲ ನನಗೆ ಗೊತ್ತು ಎಂದು ಜಂಬ ಕೊಚ್ಚಿದ್ದೆ. ನಿಜ ಹೇಳಬೇಕೆಂದರೆ ಅಪ್ಪನ ಪಕ್ಕ ಕೂತು ಹೋಗಿದ್ದೆನೇ ಹೊರತು, ನನ್ನ ಕೈಯಾರೆ ಒಂದು ಟಿಕೆಟ್ಟನ್ನೂ ಕೊಂಡವಳಲ್ಲ.

ಹಿಂದೂಪುರದಿಂದ ಬೆಳಗಿನ ಮೊದಲ ಬಸ್ಸು. ಪಾವಗಡದ ಮೇಲೆ ಹೋಗುವುದು, ಮಧ್ಯಾಹ್ನಕ್ಕೆ ಮುಂಚೆ ಕಲ್ಯಾಣದುರ್ಗ ಮುಟ್ಟುವುದು ಅದೊಂದೇ. ಅತ್ತೆ ಕಿಟಕಿಯ ಪಕ್ಕ ಕೂತು, ಉಪ್ಪು ಹಾಕಿ ಕುಟ್ಟಿದ ಹುಣಸೆ ಉಂಡೆಯೊಂದನ್ನು ನನ್ನ ಕೈಗಿಟ್ಟರು. ವಾಂತಿ ಬಂದರೆ ಇರಲಿ ಅಂತ. ಊರು ದಾಟಿದ ಮೇಲೆ ಕಂಡಕ್ಟರ್ ಬಂದ. ನನ್ನ ಟಿಕೆಟ್ಟನ್ನು ದೊಡ್ಡ ಮನುಷ್ಯಳ ಹಾಗೆ ಕೊಂಡೆ. ಅತ್ತೆ ಕೈ ಮಡಿಚಿಕೊಂಡು ಕೂತೇ ಇದ್ದರು.

"ಊರು ಸೇರ್ಸಪ್ಪ, ಇಳಿದ್ ಮ್ಯಾಲೆ ಕೊಡ್ತೀನಿ. ನಾನೇನು ಓಡೋಯ್ತೀನಾ?"

"ಮುಂದೇ ಟಿಕೆಟ್ ತೀಸ್ಕೋವಾಲಮ್ಮಾ," ಎಂದ ಅವನು ತೆಲುಗಿನಲ್ಲಿ, ಮೊದಲು ಮೆತ್ತಗೇ. ಟಿಕೆಟ್ಟು ಮುಂಚಿತವಾಗಿಯೇ ಕೊಳ್ಳಬೇಕಂತೆ.

ಜಟಕಾದಲ್ಲಿ ಹಾಗೇ ತಾನೆ, ಇಳಿದು, ಗಂಟು ಮೂಟೆ ನೋಡಿಕೊಂಡು, ಆಮೇಲೆ ಬಾಡಿಗೆ. ಬಸ್ಸಿನಲ್ಲಿ ಹಾಗಲ್ಲ ಅತ್ತೆ, ಎಂದು ನಾನು ಕಿವಿಯಲ್ಲಿ ಹೇಳಿದೆ. ಅವರು ಸೆರಗಿನ ತುದಿಯ ಗಂಟನ್ನು ಎತ್ತಿ ಎಲ್ಲರಿಗೂ ತೋರಿಸಿದರು. ದುಡ್ಡಿದೆ, ಆದರೆ ಈಗ ಬಿಚ್ಚುವುದಿಲ್ಲ. ಹಿಂದಿನ ಸೀಟಿನವರು ಗೊಣಗತೊಡಗಿದರು. ಚೆಕಿಂಗ್‌ನವರು ಸಿಕ್ಕರೆ ತನ್ನ ಕೆಲಸಕ್ಕೇ ಸಂಚಕಾರ ಎಂದು ಕಂಡಕ್ಟರ್ ದನಿ ಏರಿಸಿದ. ಮೇಲಿನ ಹಗ್ಗವನ್ನು ಒಂದು ಸಲ ಜಗ್ಗಿದ. ಗಂಟೆ ಹೊಡೆಯಿತು, ಬಸ್ಸು ನಿಂತಿತು. ಮುಂದಿನ ಊರು ಪರಿಗಿ ಇನ್ನೂ ಬಂದಿರಲಿಲ್ಲ. ಎರಡೂ ಕಡೆ ಬರೀ ಹೊಲ. ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗಿತ್ತು, ಜೊತೆಗೆ ಹೊತ್ತು ಬೇರೆ ಏರುತ್ತಿತ್ತು.

ಅತ್ತೆ ಜಗಳವಾಡಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದರು. "ಒಂದ್ಸಲ ಮುಂಚೇನೇ ಕೊಟ್ಟಿದ್ದೆ ಕಣಪ್ಪ. ನಮ್ಮನೆಯೋರಿಗೆ ಜ್ವರ ಬಂದು ಗ್ಯಾನ ತಪ್ಪಿತ್ತು. ಜಟಕಾದೋನು ಪೂರಾ ದುಡ್ಡು ಈಸ್ಕಂಡು, ಕುದ್ರೆ ಕುಂಟ್ತೈತೆ ಅಂತ ನಡುದಾರೀಲಿ ಇಳಿಸ್ಬುಟ್ಟ. ಆಸ್ಪತ್ರೆ ಸೇರ್ಲೇ ಇಲ್ಲ ಅವ್ರು. ಈಗ ತಂಗಿ ತಾವಕ್ಕೆ ಹೋಯ್ತಿದೀನಿ."

ಗೊಣಗಾಟ ನಿಂತಿತು. ಕಂಡಕ್ಟರ್ ಅತ್ತೆಯ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಕೈ ಎತ್ತಿ ಹಗ್ಗ ಹಿಡಿದ. ಅತ್ತೆ ಮಾತ್ರ ಇನ್ನು ಇಳಿಸುವುದೇ ಸೈ ಎಂದುಕೊಂಡು ಬಗ್ಗಿ ಕಾಲ ಬಳಿಯ ಬಟ್ಟೆಗಂಟು ಎತ್ತಿಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡೆ. ನಡೆದೇ ಹೋಗುವ ಹೆಂಗಸು ಅದು, ಆದರೆ ನಡೆದರೆ ತಂಗಿ ಎಲ್ಲಿ ಸಿಗಬೇಕು? ವಾಪಸು ಬರಲೆಂದು ಅಮ್ಮ ಕೊಟ್ಟಿದ್ದ ದುಡ್ಡನ್ನು ಅತ್ತೆಯ ಬೆನ್ನ ಹಿಂದೆ ಅವನ ಕೈಗೆ ತುರುಕಿದೆ. ಅವನು ಹಗ್ಗ ಬಿಟ್ಟು ನನ್ನನ್ನು ನೋಡಿದ, ಟಿಕೆಟ್ಟು ಹರಿದು ಕೊಟ್ಟ. ಬಸ್ಸು ಹೊರಟಿತು.

"ನೋಡ್ದಾ? ಒಳ್ಳೇ ಮಾತು ಕೇಳ್ದ," ಎಂದು ಅತ್ತೆ ಗೆಲುವಾಗಿ ಕೂತರು. ಕಲ್ಯಾಣದುರ್ಗದವರೆಗೂ ಅವರ ಮುಖ ಹಾಗೇ ಅರಳಿತ್ತು. ನಾನು ಟಿಕೆಟ್ಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಯಾವಾಗ ಇಳಿದೇನೋ ಎಂದು ಒದ್ದಾಡಿದೆ.

ಇಳಿದ ಕೂಡಲೇ ಅತ್ತೆ ಸೆರಗಿನ ಗಂಟು ಬಿಚ್ಚಿ ಕಂಡಕ್ಟರ್ ಮುಂದೆ ಕೈ ಚಾಚಿದರು. "ಆ ಪಾಪ ಇಚ್ಚೇಸಿಂದಮ್ಮಾ," ಈ ಹುಡುಗಿ ಆಗಲೇ ಕೊಟ್ಟಾಯಿತು ಎಂದು ಅವನು ನನ್ನ ಕಡೆ ತೋರಿಸಿದ. ಅತ್ತೆ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ.

ತಂಗಿ ಇನ್ನೂ ಅಲ್ಲೇ ಇದ್ದಳು. ಅಕ್ಕ ತಂಗಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತರು, ವ್ಯಾನು ಬರುವ ತನಕ. ಅತ್ತೆಯೂ ಅದರಲ್ಲೇ ಅನಂತಪುರಕ್ಕೆ ಹೊರಟರು. ಹತ್ತುವ ಮುಂಚೆ ಗಂಟಿನ ದುಡ್ಡನ್ನು ನನ್ನ ಅಂಗೈಗೆ ಒತ್ತಿ, "ನಿನ್ನಿಂದ ತಂಗಿ ಮುಖ ನೋಡ್ದೆ ಕಣಮ್ಮ. ಆದ್ರೆ ನನ್ ಮಾತು ನಂಬ್ತಾರೋ ಇಲ್ವೋ ಅಂತ ಒಂದ್ಸಲ ನೋಡ್ಬೇಕಿತ್ತು. ನೀನು ಬಿಡ್ಲಿಲ್ಲ," ಎಂದರು.

ತಂಗಿ ಉಳಿದಳು. ಅವಳ ಆರೈಕೆಗೆಂದು ಕಲ್ಯಾಣದುರ್ಗದಲ್ಲೇ ನಿಂತ ಅತ್ತೆ ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಎದುರುಮನೆಗೆ ಬೇರೆಯವರು ಬಂದರು. ಹೋಗಿ ನೋಡಬೇಕು, ನೋಡಬೇಕು ಎಂದುಕೊಳ್ಳುತ್ತಲೇ ವರ್ಷಗಳು ಹೋದವು... ಒಂದು ದಿನ ಅತ್ತೆ ತೀರಿಕೊಂಡರೆಂದು ಕಾರ್ಡು ಬಂತು. ಅಷ್ಟರಲ್ಲಿ ತಿಥಿಯೂ ಮುಗಿದಿತ್ತು.

ಮೊನ್ನೆ ಬಸ್ಸಿನಲ್ಲಿ ಕೊನೆಯವನು ಹತ್ತಿದ. ಬಾಗಿಲ ಬಳಿಯ ಕಂಡಕ್ಟರ್ ಕೈ ಎತ್ತಿ ಹಗ್ಗ ಹಿಡಿದ. ಥಟ್ಟನೆ ಆಗ ಹೊಳೆಯಿತು. ನಿಂತ ಬಸ್ಸಿನಲ್ಲಿ ಹಗ್ಗಕ್ಕೆ ಕೈ ಹಾಕುವುದು ಹೊರಡಲಿಕ್ಕೆ ಮಾತ್ರ. ಅವತ್ತೂ ಬಸ್ಸು ನಿಂತೇ ಇತ್ತಲ್ಲ. ಅವನು ಅತ್ತೆಯ ಮಾತನ್ನು ನಂಬಿದ್ದ. ನಾನು ಒಂದು ಗಳಿಗೆ ಸುಮ್ಮನಿದ್ದಿದ್ದರೆ ಅತ್ತೆ ಅದನ್ನು ಕಣ್ಣಾರೆ ನೋಡುತ್ತಿದ್ದರು. ಈಗ ಹೇಳೋಣವೆಂದರೆ ಅತ್ತೆ ಇಲ್ಲ.

ಗಂಟೆ ಎರಡು ಸಲ ಹೊಡೆದು ಬಸ್ಸು ಹೊರಟಿತು. ಕಂಡಕ್ಟರ್ ಕೇಳುವ ಮುಂಚೆಯೇ ಕೊಡಲೆಂದು ನಾನು ಹತ್ತಿದಾಗಿನಿಂದ ಚಾರ್ಜನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದೆ.